ಗಿಡ್ಡ ಕುದುರೆಗಳ ಮೇವಿನ ಚಿಂತೆ

ನನಗೊಂದು ವಿಚಿತ್ರ ಅಭ್ಯಾಸವಿದೆ. ದಾರಿಯಲ್ಲಿ ಎಲ್ಲಾದರೂ ಚೆನ್ನಾಗಿ ಬೆಳೆದ ಹುಲ್ಲು ಕಂಡರೆ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಬಗ್ಗಿ ಒಂದು ಎಸಳು ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಲೇಬೇಕು. ಲಾಲ್‌ಬಾಗಿಗೆ ಹೋದಾಗ ಎಲ್ಲರೂ ಗುಲಾಬಿಯ ಮುಂದೆ ನಿಂತು ಆಹಾ ಎನ್ನುತ್ತಿದ್ದರೆ ನಾನು ಹುಲ್ಲುಹಾಸಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಇದು ಎಷ್ಟು ಹೊತ್ತಿನ ಊಟವಾದೀತು ಎಂದು ಅಂದಾಜು ಹಾಕುತ್ತಿರುತ್ತೇನೆ. ಒಮ್ಮೆ ಅಲ್ಲಿನ ಕಾವಲುಗಾರ ಬಂದು, "ಏನಮ್ಮಾ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದ. ನಿಜ ಹೇಳಲು ನಾಚಿಕೆಯಾಗಿ ಹೂಂ ಎಂದುಬಿಟ್ಟೆ. ಪಾಪ, ಅವನೂ ನನ್ನ ಪಕ್ಕದಲ್ಲಿ ಕೂತು ಹುಡುಕತೊಡಗಿದ. ಏನನ್ನು ಹುಡುಕುತ್ತಿದ್ದೇವೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಅಭ್ಯಾಸ ತವರಿನಿಂದ ಬಂದದ್ದಲ್ಲ. ತವರಿನಲ್ಲಿ ನನಗೆ ಗೊತ್ತಿದ್ದದ್ದು ಹಸಿ ಹುಲ್ಲು, ಒಣ ಹುಲ್ಲು ಎಂಬ ಎರಡೇ ಜಾತಿ. ಮದುವೆಯಾಗಿ ಜಯನಗರಕ್ಕೆ ಬಂದ ಮೇಲೆ, ನನ್ನ ಮಾವನವರಿಗೆ ಎರಡು ಕುದುರೆಗಳು ಪುಕ್ಕಟೆಯಾಗಿ ಸಿಕ್ಕ ಮೇಲೆ, ನಾನು ಹುಲ್ಲಿನ ವಿಷಯದಲ್ಲಿ ಪಂಡಿತೆಯಾದೆ. ಪುಕ್ಕಟೆ ಸಿಗುವ ವಸ್ತುಗಳಲ್ಲಿ ಬಾಯಿಲ್ಲದವು, ಬಾಯಿರುವವು ಎಂದು ಎರಡು ವಿಧ. ಯಾರಾದರೂ ಹಳೆಯ ಬೀರು ಕೊಟ್ಟರೆ ಇಸಿದುಕೊಳ್ಳಬಹುದು. ಕುದುರೆ ಕೊಟ್ಟರೆ ಮಾತ್ರ ಅದರ ಬಾಯಿಯೂ ಜೊತೆಯಲ್ಲೇ ಬರುತ್ತದೆ.

ಕುದುರೆ ಎಂದೊಡನೆ ನೀವು ಚಿತ್ರಪಟಗಳಲ್ಲಿ ರಾಜರು ಕೂತಿರುವ ಕುದುರೆಯನ್ನು ನೆನೆಸಿಕೊಳ್ಳಬೇಡಿ. ಜಟಕಾ ಕುದುರೆಯೂ ಇವುಗಳ ಮುಂದೆ ಐರಾವತವೇ. ಇವುಗಳ ಬೆನ್ನು ನನ್ನ ಸೊಂಟಕ್ಕೆ ಬರುತ್ತಿತ್ತು, ನಾನೇ ಕುಳ್ಳಿ. ವಿಲ್ಸನ್ ಗಾರ್ಡನ್ನಿನಲ್ಲಿ ಮಾವನವರ ಸ್ನೇಹಿತರೊಬ್ಬರು, ಅನುಕೂಲಸ್ಥರು, ಮೊಮ್ಮಕ್ಕಳ ಆಟದ ಗಾಡಿಗೆಂದು ಈ ಜೋಡಿಯನ್ನು ಸಾಕಿದ್ದರು. ಮೊಮ್ಮಕ್ಕಳು ದೊಡ್ಡವರಾದರು, ಕುದುರೆಗಳು ಆಗಲಿಲ್ಲ. ಅವರು ಮನೆ ಮಾರಿ ಮದರಾಸಿಗೆ ಹೊರಟಾಗ ಮಾವನವರನ್ನು ಕರೆದು, ನಿಮಗೆ ಕುದುರೆ ಎಂದರೆ ಪ್ರೀತಿ ಅಲ್ಲವೇ, ಕರೆದುಕೊಂಡು ಹೋಗಿ ಎಂದರು. ಮಾವನವರು ಎರಡನೇ ಮಾತು ಆಡಲಿಲ್ಲ. ದೀಪಾವಳಿ ಕಳೆದ ವಾರ, ಸಂಜೆ ಹೊತ್ತು, ಎರಡೂ ಕೈಯಲ್ಲಿ ಒಂದೊಂದು ಲಗಾಮು ಹಿಡಿದು ನಡೆಸಿಕೊಂಡೇ ಬಂದರು. ಬೀದಿಯುದ್ದಕ್ಕೂ ಜನ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆಯಂತೆ, ಇವು ಯಾವಾಗ ದೊಡ್ಡವಾಗ್ತವೆ ಎಂದು.

ಅವುಗಳಿಗೆ ಏನೋ ಇಂಗ್ಲಿಷ್ ಹೆಸರುಗಳಿದ್ದವು. ನಮ್ಮ ಅತ್ತೆ ಕೇಳಿಸಿಕೊಂಡು, ನಮ್ಮ ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು ಆ ನಿಮಿಷವೇ ಗಿಡ್ಡಣ್ಣ, ಗಿಡ್ಡಮ್ಮ ಎಂದು ನಾಮಕರಣ ಮಾಡಿದರು. ಹೆಸರಿಟ್ಟದ್ದರಿಂದ ಅವರಿಗೆ ಒಪ್ಪಿಗೆಯಾಯಿತೆಂದು ನಾನು ತಿಳಿದೆ. ಆಗಿರಲಿಲ್ಲ. ಬೈಯುವುದಕ್ಕೂ ಹೆಸರು ಬೇಕಾಗುತ್ತದೆ.

ಆ ಸಂಜೆಯ ಒಂದು ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಾವನವರು ಗೇಟು ದಾಟಿ ಒಳಗೆ ಬಂದವರೇ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಎರಡೂ ಲಗಾಮುಗಳನ್ನು ಪಕ್ಕಕ್ಕೆ ಚಾಚಿ ಹಿಡಿದು ನಿಂತರು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಕೈ ಚಾಚಿಯೇ ಇತ್ತು. ಕೊನೆಗೆ ನಾನೇ ಇಳಿದು ಹೋಗಿ ಹಿಡಿದುಕೊಂಡೆ. ಮಾವನವರು ನನ್ನನ್ನು ನೋಡಿ ಬೆಚ್ಚಿದರು. ಸೊಸೆಯ ಕೈಗೆ ಲಗಾಮು ಕೊಟ್ಟೆನಲ್ಲಾ ಎಂದು ಅವರಿಗೇ ಕಸಿವಿಸಿ.

ಇದಕ್ಕೊಂದು ಹಿನ್ನೆಲೆಯಿದೆ. ಮಾವನವರು ಶಾಲಾ ಇನ್ಸ್‌ಪೆಕ್ಟರಾಗಿದ್ದವರು. ಹಳೇ ಮೈಸೂರಿನ ಊರೂರಿಗೆ ಕುದುರೆಯ ಮೇಲೆ ಹೋಗಿ ಮಗ್ಗಿ ಕೇಳಿ, ಹಾಜರಿ ನೋಡಿ, ಮೇಷ್ಟರುಗಳ ಎದೆ ನಡುಗಿಸಿ ಬರುತ್ತಿದ್ದವರು. ಒಂದು ಊರು ಮುಟ್ಟಿ ಕುದುರೆಯಿಂದಿಳಿದು ಕೈ ಪಕ್ಕಕ್ಕೆ ಚಾಚಿದರೆ ಪಟೇಲರ ಕಡೆಯ ಆಳು ಲಗಾಮು ತೆಗೆದುಕೊಂಡು ಹೋಗುತ್ತಿದ್ದ. ಮರುದಿನ ಬೆಳಗ್ಗೆ ಮೈ ತಿಕ್ಕಿಸಿಕೊಂಡು, ಹೊಟ್ಟೆ ತುಂಬಿಸಿಕೊಂಡು ಕುದುರೆ ಬಾಗಿಲಿಗೆ ಬರುತ್ತಿತ್ತು. ನಡುವೆ ಏನು ನಡೆಯಿತೆಂದು ಇನ್ಸ್‌ಪೆಕ್ಟರು ಕೇಳುವ ಪದ್ಧತಿ ಇರಲಿಲ್ಲ. ಹೀಗೆ ಮಾವನವರಿಗೆ ಕುದುರೆಯ ನಡೆ ಗೊತ್ತಿತ್ತು, ಸುಳಿ ಗೊತ್ತಿತ್ತು, ಸಿಟ್ಟು ಸೆಡವು ಎಲ್ಲ ಗೊತ್ತಿತ್ತು. ಅದು ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂಬುದು ಮಾತ್ರ ಊರಿನವರಿಗೆ ಗೊತ್ತಿತ್ತು. ಊರಿನವರು ನಮ್ಮ ಜೊತೆ ಜಯನಗರಕ್ಕೆ ಬಂದಿರಲಿಲ್ಲ.

ನಿವೃತ್ತಿಯಾಗಿ ಬಂದ ಮೇಲೆ ಮಾವನವರು ತೀರ ಮೆತ್ತಗಾಗಿದ್ದರು. ಆರಾಮ ಕುರ್ಚಿಯಲ್ಲಿ ಒರಗಿದರೆ ಮುಗಿಯಿತು, ಪೇಪರು ಮುಖದ ಮೇಲೆ ಬೀಳುವವರೆಗೆ ಓದುವುದು, ಬಿದ್ದ ಮೇಲೆ ಅದರಡಿಯಲ್ಲೇ ಇರುವುದು. ಊಟ ಎಂದರೆ ಹೂಂ, ಕಾಫಿ ಎಂದರೆ ಹೂಂ. ಮನೆಗೆ ಬಂದ ಹೊಸದರಲ್ಲಿ ನಾನು ಅವರ ಧ್ವನಿಯನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ಕುದುರೆಗಳು ಬಂದ ಮರುದಿನ ಬೆಳಗ್ಗೆ ಹಿತ್ತಲಿನಲ್ಲಿ ಯಾರೋ ಗಟ್ಟಿಯಾಗಿ ಹಾಡಿಕೊಳ್ಳುತ್ತಿರುವುದು ಕೇಳಿ ನನ್ನ ಗಂಡನನ್ನು ಎಬ್ಬಿಸಿ, ಯಾರೋ ಬಂದಿದ್ದಾರೆ ನೋಡಿ ಎಂದೆ. ಅವರು ಕಿವಿಗೊಟ್ಟು ಕೇಳಿ, ಎದ್ದು ಕೂತು, "ಅಪ್ಪ ಕಣೇ" ಎಂದರು. ಮಾವನವರು ಸೀಬೇ ಮರದ ಕೆಳಗೆ ಗಿಡ್ಡಮ್ಮನ ಕೂದಲು ಬಾಚುತ್ತಿದ್ದರು.

ಹಾಗಾಗಿ ಕುದುರೆಗಳು ಮನೆಯಲ್ಲಿ ಉಳಿಯಬೇಕು ಎಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅತ್ತೆಗೆ. ಅವರನ್ನು ತಪ್ಪು ತಿಳಿಯಬೇಡಿ. ಪೆನ್ಷನ್ನು, ಮಗನ ಗುಮಾಸ್ತೆ ಸಂಬಳ ಎರಡನ್ನೂ ಸೇರಿಸಿ ತಿಂಗಳ ಕೊನೆ ಮುಟ್ಟಿಸುತ್ತಿದ್ದವರು ಅವರು. ಹಸು ಮೇವು ತಿಂದರೆ ಹಾಲು ಕೊಡುತ್ತದೆ, ಇವು ಏನು ಕೊಡುತ್ತವೆ ಎಂಬುದು ಅವರ ಪ್ರಶ್ನೆ. ಅವರು ಒಂದು ಷರತ್ತು ಹಾಕಿದರು. ಕೈಗೆಟುಕುವ ಮೇವು ಸಿಕ್ಕರೆ ಇರಲಿ, ಇಲ್ಲದಿದ್ದರೆ ಕನಕಪುರದ ಕಡೆ ಅವರ ತಮ್ಮನಿಗೆ ಹೊಲವಿದೆ, ಅವನು ಗಾಡಿ ಕಳಿಸುತ್ತಾನೆ, ಎರಡನ್ನೂ ಹತ್ತಿಸಿ ಕಳಿಸುವುದು.

ಮಾವನವರು ನಕ್ಕುಬಿಟ್ಟರು. ಗಿಡ್ಡ ಕುದುರೆಗೆ ಗಿಡ್ಡ ಹೊಟ್ಟೆ ಎಂಬುದು ಅವರ ಸಿದ್ಧಾಂತ. ಆ ಸಿದ್ಧಾಂತ ಒಂದು ವಾರವೂ ಬಾಳಲಿಲ್ಲ. ಗಿಡ್ಡಣ್ಣನಿಗೆ ಕಾಲು ಗಿಡ್ಡ, ಕುತ್ತಿಗೆ ಗಿಡ್ಡ, ಹೊಟ್ಟೆ ಮಾತ್ರ ದೇವರು ಅಳತೆ ಮರೆತು ಇಟ್ಟದ್ದು.

ಹಿತ್ತಲಿನಲ್ಲಿ ನಮ್ಮದೊಂದು ಹಸುವಿತ್ತು. ಮೊದಲು ನಾವು ಮಾಡಿದ್ದು, ಹಸು ಸಾಕಿದ ಯಾರಾದರೂ ಮಾಡುವಂಥದ್ದು. ಹಸುವಿಗೆ ಕೊಡುವುದನ್ನೇ ಕೊಟ್ಟೆವು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಸೇರಿದ ಕಲಗಚ್ಚನ್ನು ಬಾನಿಯಲ್ಲಿಟ್ಟರೆ ಗಿಡ್ಡಮ್ಮ ಮೂತಿ ತಂದು ಮೂಸಿ ಒಂದು ಸೀನು ಸೀನಿದಳು. ನನ್ನ ಸೀರೆಯೆಲ್ಲ ಕಲಗಚ್ಚು. ಭತ್ತದ ಹುಲ್ಲು ಹಾಕಿದರೆ ಇಬ್ಬರೂ ಅದನ್ನು ಅಚ್ಚುಕಟ್ಟಾಗಿ ಹರಡಿಕೊಂಡು ಅದರ ಮೇಲೆ ಮಲಗಿದರು. ರಾಗಿ ಹುಲ್ಲು ಹಾಕಿದರೆ ಎಳೆದು, ಕಚ್ಚಿ, ಬಾಯಿಂದ ಬೀಳಿಸಿ, ನಮ್ಮನ್ನು ಅತಿಥಿಗಳು ಉಪ್ಪಿಲ್ಲದ ಸಾರಿನ ಮನೆಯವರನ್ನು ನೋಡುವ ಹಾಗೆ ನೋಡಿದರು.

ಹುರುಳಿ ಮಾತ್ರ ಎರಡು ಮಾತಿಲ್ಲದೆ ತಿಂದವು. ಬೇಯಿಸಿದ ಹುರುಳಿಕಾಳು ಅವುಗಳಿಗೆ, ಬಸಿದ ಕಟ್ಟು ನಮ್ಮ ಸಾರಿಗೆ ಎಂದು ಅತ್ತೆ ಏರ್ಪಾಡು ಮಾಡಿದರು. ಒಂದೇ ಪಾತ್ರೆಯಲ್ಲಿ ಎರಡು ಸಂಸಾರ. ಹುರುಳಿಕಟ್ಟಿನ ಸಾರು ನನಗೆ ಪ್ರಾಣ, ಆದರೆ ಚಳಿಗಾಲವಿಡೀ ಅದೇ ಸಾರು ಉಂಡು ನನ್ನ ಗಂಡ, ಕಚೇರಿಯಲ್ಲಿ ಯಾರೋ ಹಿಂದಿನಿಂದ ಕರೆದರೆ ಓಡಿಬಿಡಬೇಕು ಅನ್ನಿಸುತ್ತೆ ಎಂದು ದೂರಿದರು. ಅದೂ ಅಲ್ಲದೆ ಕಾಳು ಹಿಡಿಯಷ್ಟು ಸಾಕು, ಹೊಟ್ಟೆ ತುಂಬುವುದು ಹುಲ್ಲಿನಿಂದಲೇ. ಹುಲ್ಲಿನ ಪ್ರಶ್ನೆ ಇದ್ದಲ್ಲಿಯೇ ಇತ್ತು.

ರೇಸು ಕುದುರೆಗಳಿಗೆ ಹುಲ್ಲು ಮಾರುವ ಅಂಗಡಿ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಇದೆ ಎಂದು ಯಾರೋ ಹೇಳಿದರು. ಮಾವನವರು ಕೋಟು, ರುಮಾಲು ಧರಿಸಿ, ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೊರಟರು. ಅಂಗಡಿಯವನು ಇವರ ಠೀವಿ ನೋಡಿ ಕುರ್ಚಿ ಹಾಕಿಸಿ, ಚಹಾ ತರಿಸಿದ. ಅಲ್ಲಿ ಹುಲ್ಲನ್ನು ನೋಡುವ ಬಗೆಯನ್ನು ಮೊದಲ ಸಲ ಕಲಿತೆ. ಒಳ್ಳೆಯ ಒಣಹುಲ್ಲು ಹಿಡಿದರೆ ಕೈಗೆ ಧೂಳು ಹತ್ತಬಾರದು, ಮುಗ್ಗಲು ವಾಸನೆ ಇರಬಾರದು, ಹಸಿರು ಇನ್ನೂ ಸ್ವಲ್ಪ ಉಳಿದಿರಬೇಕು, ಮೂಸಿದರೆ ನಮಗೇ ತಿನ್ನಬೇಕು ಅನ್ನಿಸಬೇಕು. ಆ ಹುಲ್ಲು ಹಾಗೇ ಇತ್ತು. ನಿಮ್ಮವು ಯಾವ ರೇಸು ಓಡ್ತಾವೆ ಸಾರ್ ಎಂದು ಅವನು ವಿನಯದಿಂದ ಕೇಳಿದ. ಮಾವನವರು ಸುಳ್ಳು ಹೇಳುವವರಲ್ಲ. "ಹಿತ್ತಲಿಂದ ಮುಂದಿನ ಗೇಟಿನವರೆಗೆ ಓಡ್ತಾವೆ" ಎಂದರು. ಆಮೇಲೆ ಬೆಲೆ ಕೇಳಿದೆವು. ಮಾವನವರು ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಮಸ್ಕಾರ ಹೇಳಿ ಎದ್ದರು. ಆ ಮನುಷ್ಯ ಬಾಗಿಲವರೆಗೆ ಬಂದು ಬೀಳ್ಕೊಟ್ಟ, ಅಷ್ಟು ಮರ್ಯಾದೆಯಾದರೂ ಲಾಭ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಂದು ಯೋಚನೆ ಬಂತು. ನಮ್ಮ ಪುರಾಣಗಳ ತುಂಬ ಕುದುರೆಗಳಿವೆ. ಅವುಗಳ ವೇಗ, ಹೇಷಾರವ, ಗೊರಸಿನಿಂದೆದ್ದ ಧೂಳು ಸೂರ್ಯನನ್ನು ಮುಚ್ಚಿದ್ದು ಎಲ್ಲವೂ ಇವೆ. ಮೇವಿನ ಮಾತು ಮಾತ್ರ ಕೇಳಿದ ನೆನಪಿಲ್ಲ. ಸೂರ್ಯನ ರಥಕ್ಕೆ ಏಳು ಕುದುರೆಯಂತೆ. ಆಕಾಶದಲ್ಲಿ ಹುಲ್ಲು ಎಲ್ಲಿದೆ? ಇನ್ನು ಅಶ್ವಮೇಧ. ಕುದುರೆಯನ್ನು ಒಂದು ವರ್ಷ ಮನಸ್ಸು ಬಂದ ಕಡೆ ಬಿಡುವುದು, ಅದು ತುಳಿದ ನೆಲವೆಲ್ಲ ರಾಜನದು. ಇದರಲ್ಲಿ ದೊಡ್ಡ ರಾಜನೀತಿ ಇದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅರಮನೆಯಲ್ಲಿ ಯಾರೋ ಒಬ್ಬರು ಅತ್ತೆ ಮೇವಿನ ಖರ್ಚಿನ ಬಗ್ಗೆ ಗಟ್ಟಿಯಾಗಿ ಕೇಳಿರಬೇಕು. ಪರರ ಹುಲ್ಲಿನಲ್ಲಿ ಒಂದು ವರ್ಷ ಮೇಯಿಸಿಕೊಂಡು ಬರುವ ಉಪಾಯ ಅದು, ಯಜ್ಞ ಆಮೇಲೆ ಸೇರಿದ್ದು.

ಇದನ್ನು ಮಾವನವರಿಗೆ ಹೇಳಿದೆ. ಅವರು ನಗುವ ಬದಲು ಥಟ್ಟನೆ ನನ್ನ ಕಡೆ ತಿರುಗಿದರು. ಆಗಿನ ಜಯನಗರದಲ್ಲಿ ಮನೆಗಿಂತ ಸೈಟುಗಳೇ ಹೆಚ್ಚು. ಕಲ್ಲು ನೆಟ್ಟು, ನಂಬರು ಬರೆದು, ದುಡ್ಡು ಸೇರುವವರೆಗೆ ಖಾಲಿ ಬಿಟ್ಟ ಸೈಟುಗಳು ನಮ್ಮ ಸುತ್ತ ನಾಲ್ಕೂ ಕಡೆ. ಮರುದಿನದಿಂದಲೇ ಅಶ್ವಮೇಧ ಶುರುವಾಯಿತು. ಬೆಳಗ್ಗೆ ಕಾಫಿ ಕುಡಿದು ಮಾವನವರು ಕುದುರೆಗಳೊಂದಿಗೆ ಹೊರಟರೆ ಒಂದು ಸೈಟಿನಿಂದ ಇನ್ನೊಂದಕ್ಕೆ ದಿಗ್ವಿಜಯ. ಕುದುರೆಯನ್ನು ಕಟ್ಟಿಹಾಕಿ ಯುದ್ಧಕ್ಕೆ ಕರೆದವರು ಯಾರೂ ಇರಲಿಲ್ಲ. ಒಂದು ಭಾನುವಾರ ಛತ್ರಿ ಹಿಡಿದು ತಮ್ಮ ಸೈಟು ನೋಡಲು ಬಂದ ಯಜಮಾನರೊಬ್ಬರು ಮಾತ್ರ ಬಹಳ ಹೊತ್ತು ನಿಂತು ನೋಡಿ, ಇವು ನನ್ನ ಸೈಟಿನ ಜೊತೆಗೇ ಬಂದಿವೆಯೇ ಎಂದು ಆಸೆಯಿಂದ ಕೇಳಿದರು.

ಆದರೆ ಅಶ್ವಮೇಧಕ್ಕೂ ಋತು ನೋಡಬೇಕು. ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಸೈಟುಗಳ ಹುಲ್ಲೆಲ್ಲ ಮುಗಿದು, ಉಳಿದದ್ದು ಒಣಗಿ, ಕೆಂಪು ಮಣ್ಣು ಕಾಣತೊಡಗಿತು. ಇಟ್ಟಮಡುವಿನಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ತರುತ್ತಿದ್ದ ತಿಮ್ಮಕ್ಕನ ಹತ್ತಿರ ಕೊಂಡು ನೋಡಿದೆವು. ಅವಳದು ಕೆರೆಯಂಚಿನ ಎಳೆ ಹುಲ್ಲು, ಗಿಡ್ಡಣ್ಣ ಅವಳ ಧ್ವನಿ ಬೀದಿ ತುದಿಯಲ್ಲಿ ಕೇಳಿದರೆ ಇಲ್ಲಿಂದಲೇ ಉತ್ತರ ಕೊಡುತ್ತಿದ್ದ. ಗಿರಾಕಿಗೆ ಇಷ್ಟು ಆಸೆಯಿರುವುದು ಕಂಡ ಮೇಲೆ ಬೆಲೆ ಇಳಿಸುವ ವ್ಯಾಪಾರಿ ಎಲ್ಲಿದ್ದಾಳೆ? ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ತಮ್ಮನಿಗೆ, ಮುಂದೆ ಬರುವ ಸಂಕಷ್ಟಿ ಕಳೆದ ಮಾರನೇ ಬೆಳಗ್ಗೆ ಗಾಡಿ ಕಳಿಸು ಎಂದು ಹೇಳಿಕಳಿಸಿದರು.

ಮಧ್ಯಾಹ್ನ ನಾನು ಹೋಗಿ ನೋಡಿದಾಗ ಮಾವನವರು ಆರಾಮ ಕುರ್ಚಿಯಲ್ಲಿ ಕೂತಿದ್ದರು. ಪೇಪರು ಮುಖದ ಮೇಲಿತ್ತು. ಕಾಫಿ ತರಲೇ ಎಂದೆ. ಹೂಂ ಎಂದರು. ಆ ಹೂಂ ಕೇಳಿ ನನಗೆ ಅಳು ಬಂತು.

ಸಂಕಷ್ಟಿಯ ದಿನ ಬಂತು. ತಿಂಗಳಿಗೊಮ್ಮೆ ಬರುವ ಆ ಚೌತಿಗೆ ನಮ್ಮ ಅತ್ತೆ ಹಗಲೆಲ್ಲ ಉಪವಾಸವಿದ್ದು, ಸಂಜೆ ನಮ್ಮ ಬ್ಲಾಕಿನ ಪುಟ್ಟ ಗಣಪತಿ ಗುಡಿಗೆ ಹೋಗಿ ಗರಿಕೆ ಏರಿಸಿ ಬಂದು, ಚಂದ್ರನನ್ನು ನೋಡಿದ ಮೇಲೆಯೇ ಊಟ ಮಾಡುತ್ತಿದ್ದರು. ಯಾತಕ್ಕಾಗಿ ಈ ವ್ರತ ಎಂದು ನಾನು ಕೇಳಿರಲಿಲ್ಲ. ಕೇಳಬಾರದು, ಹೇಳಿದರೆ ಫಲ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಕೆಲಸ ಗರಿಕೆ ಆರಿಸುವುದು. ಮೂರೆಸಳಿನ ಎಳೆಯ ತುದಿ ಮಾತ್ರ ದೇವರಿಗೆ, ಅದನ್ನು ಇಪ್ಪತ್ತೊಂದರ ಕಟ್ಟು ಮಾಡಬೇಕು. ಅತ್ತೆ ಕಣ್ಣಿಗೆ ಕನ್ನಡಕ ಏರಿಸಿಕೊಂಡು ನನ್ನ ಕಟ್ಟುಗಳನ್ನೆಲ್ಲ ಇನ್ನೊಮ್ಮೆ ಎಣಿಸಿ, ತೊಳೆದು, ಬುಟ್ಟಿಯಲ್ಲಿಟ್ಟು, ನೀರು ಬಸಿಯಲೆಂದು ಎಂದಿನಂತೆ ಹಿತ್ತಲ ಜಗಲಿಯ ಮೇಲೆ ಇಟ್ಟು ಸ್ನಾನಕ್ಕೆ ಹೋದರು.

ನಾವು ಇಷ್ಟು ದಿನ ಊರೆಲ್ಲ ಸುತ್ತಿ ಹುಡುಕಿದ್ದು ಆ ಬುಟ್ಟಿಯಲ್ಲಿತ್ತು. ಗಿಡ್ಡಮ್ಮನಿಗೆ ಅದು ಗೊತ್ತಾಗಲು ಗಾಳಿ ಒಂದು ಸಲ ಬೀಸಿದ್ದೇ ಸಾಕಾಯಿತು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿ ಓಡಿಬರುವಷ್ಟರಲ್ಲಿ ಗೂಟ ಕಿತ್ತುಕೊಂಡು ಬಂದು ಇಬ್ಬರೂ ಬುಟ್ಟಿಯ ಎರಡು ಕಡೆ ನಿಂತು, ಸಂಬಂಧಿಕರ ಮದುವೆಯಲ್ಲಿ ಪಂಕ್ತಿಗೆ ಕೂತವರಂತೆ ಸಾವಕಾಶವಾಗಿ ಊಟ ಮುಗಿಸಿದ್ದರು. ಕೆಳಗೆ ಬಿದ್ದ ನಾಲ್ಕು ಎಸಳು, ಪಕ್ಕದಲ್ಲೇ ಇದ್ದ ಹಸುವಿನ ರಾಗಿ ಹುಲ್ಲಿನಲ್ಲಿ ಸೇರಿಕೊಂಡಿದ್ದವು. ಗಿಡ್ಡಣ್ಣ ಅವನ್ನು ಹುಡುಕುತ್ತಾ ಹುಡುಕುತ್ತಾ ರಾಗಿ ಹುಲ್ಲನ್ನೂ ನುಂಗುತ್ತಿದ್ದ. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ. ಅತ್ತೆ ಒದ್ದೆ ಕೂದಲಿನಲ್ಲಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು.

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಖಾಲಿ ಬುಟ್ಟಿ ನೋಡಿದರು, ಕುದುರೆಗಳನ್ನು ನೋಡಿದರು. ಅಷ್ಟರಲ್ಲಿ ಗದ್ದಲ ಕೇಳಿ ಮಾವನವರು ಪೇಪರು ಎಸೆದು ಓಡಿಬಂದರು. ಬಂದವರೇ ಗಿಡ್ಡಮ್ಮನ ಕಿವಿ ಹಿಡಿದು, ದೇವರ ಸ್ವತ್ತಿಗೆ ಬಾಯಿ ಹಾಕುತ್ತೀಯಾ ಎಂದು ಶುರುಮಾಡಿ, ಒಂದು ಇಡೀ ಶಾಲೆಗೆ ಕೇಳಿಸುವ ಧ್ವನಿಯಲ್ಲಿ ಬೈದರು. ಗಿಡ್ಡಮ್ಮ ತಲೆ ತಗ್ಗಿಸಿ ನಿಂತಳು. ಬಾಯಲ್ಲಿ ಇನ್ನೂ ಒಂದು ಗರಿಕೆ ಇತ್ತು. ಮಾವನವರು ಅದನ್ನು ನೋಡಿ ತಡೆಯಲಾರದೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂದು ಸೆರಗು ಬಾಯಿಗಿಟ್ಟುಕೊಂಡೆ.

ಅತ್ತೆ ಮಾತ್ರ ಕುದುರೆಗಳ ಕಡೆ ನೋಡುತ್ತಿರಲಿಲ್ಲ. ಮಾವನವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಜಗಲಿಯ ಮೇಲೆ ಮೆಲ್ಲಗೆ ಕೂತರು. ಉಪವಾಸದಿಂದ ತಲೆ ಸುತ್ತಿತೇನೋ ಎಂದು ನಾನು ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದುಕೊಂಡು ಪಿಸುಮಾತಿನಲ್ಲಿ ಹೇಳಿದರು.

"ಇವರು ಮೂಲೇಲಿ ಕೂತ್ಬಿಟ್ರಲ್ಲಾ, ಮೊದಲಿನ ಹಾಗೆ ನಗೋ ಹಾಗೆ ಮಾಡಪ್ಪಾ ಅಂತ ಗರಿಕೆ ಏರಿಸ್ತಿದ್ದೆ ಕಣೇ. ಅವನು ಯಾವಾಗ್ಲೋ ಮಾಡಿಕೊಟ್ಟಿದ್ದಾನೆ. ನಾನು ಗಾಡಿ ತರಿಸ್ತಿದ್ದೀನಿ."

ಸೀಬೇ ಮರದ ಕೆಳಗೆ ಮಾವನವರು ಗೂಟ ಬಡಿಯುತ್ತಿದ್ದರು. ಅತ್ತೆ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ಗುಡಿಗೆ ಹೊರಡು ಎಂದರು. ಗರಿಕೆ ಇಲ್ಲವಲ್ಲ ಎಂದೆ. "ಅವನಿಗೆ ಸೇರಬೇಕಾದ್ದು ಸೇರಿದೆ, ನಡಿ" ಎಂದರು.

ಗುಡಿಯಲ್ಲಿ ಅರ್ಚಕರು ಬೇರೆ ಚಿಂತೆಯಲ್ಲಿದ್ದರು. ಅಂದು ಬಡಾವಣೆಯ ಹೆಂಗಸರೆಲ್ಲ ತಂದ ಗರಿಕೆ ಗಣಪತಿಯ ಕಿವಿಯವರೆಗೆ ಏರಿತ್ತು. ಮಾರನೇ ದಿನ ಅದನ್ನೆಲ್ಲ ತೆಗೆದು ಎಲ್ಲಿ ಹಾಕುವುದು? ದೇವರಿಗೆ ಏರಿಸಿದ್ದನ್ನು ತುಳಿಯುವ ಜಾಗದಲ್ಲಿ ಎಸೆಯುವಂತಿಲ್ಲ. ಗುಡಿಯ ಬಾವಿಗೆ ಹಾಕಿ ಹಾಕಿ ನೀರೆಲ್ಲ ನಾರುತ್ತಿತ್ತು. ಅತ್ತೆ ಮಂಗಳಾರತಿ ತೆಗೆದುಕೊಂಡು, ನಾಳೆ ಬೆಳಗ್ಗೆ ನಮ್ಮ ಮನೆಗೆ ಕೊಟ್ಟುಬಿಡಿ ಎಂದರು. ಅರ್ಚಕರು, ಹಸುವಿಗೆ ತಾನೇ, ಬಹಳ ಒಳ್ಳೆಯದು ಎಂದರು. ಹಸುವಿಗಲ್ಲ, ಕುದುರೆಗೆ ಎಂದಾಗ ಅವರ ಮುಖ ಸ್ವಲ್ಪ ಗಂಟಾಯಿತು. ಹಸು ತಿನ್ನಬಹುದು ಎಂದಿದೆ, ಕುದುರೆ ತಿನ್ನಬಹುದೆಂದು ಎಲ್ಲಿದೆ ಎಂದು ಅನುಮಾನಿಸಿದರು. ನಮ್ಮ ಅತ್ತೆ ಶಾಸ್ತ್ರ ಓದಿದವರಲ್ಲ, ಆದರೆ ಬಿಡುವವರೂ ಅಲ್ಲ.

"ಹಯಗ್ರೀವ ದೇವರಿಗೆ ದಿನಾ ಕೈಮುಗೀತೀವಲ್ಲಾ ಸ್ವಾಮಿ, ಆ ಮುಖ ಯಾರದು?"

ಅರ್ಚಕರು ಗಣಪತಿಯ ಕಡೆ ನೋಡಿದರು. ಆನೆಮುಖದ ದೇವರ ಎದುರಿಗೆ ನಿಂತು ಕುದುರೆಮುಖದ ದೇವರನ್ನು ಅಲ್ಲಗಳೆಯುವುದು ಅವರಿಗೂ ಸರಿಕಾಣಲಿಲ್ಲ. ಬೆಳಗ್ಗೆ ಬುಟ್ಟಿ ಕಳಿಸಿ ಎಂದರು.

ಮರುದಿನ ಬೆಳಗ್ಗೆ ಎರಡು ಸಂಗತಿ ಒಟ್ಟಿಗೇ ನಡೆದವು. ಗುಡಿಯಿಂದ ಗರಿಕೆ ಬಂತು. ಕನಕಪುರದ ಕಡೆಯಿಂದ ಗಾಡಿಯೂ ಬಂತು. ಪಟ್ಟಣಕ್ಕೆ ಹೋಗುವ ಗಾಡಿ ಬರಿದಾಗಿ ಹೋಗಬಾರದು ಎಂದು ಅತ್ತೆಯ ತಮ್ಮ, ಹಳ್ಳಿಯವರ ಪದ್ಧತಿಯಂತೆ, ಅಕ್ಕನ ಹಸುವಿಗೆಂದು ಹೊಸ ಬೆಳೆಯ ರಾಗಿ ಹುಲ್ಲನ್ನು ಅದರ ತುಂಬ ಹೇರಿ ಕಳಿಸಿದ್ದರು. ಗಾಡಿಯವನು ಹುಲ್ಲು ಇಳಿಸಿ, ಎಲ್ಲಿ ಕುದುರೆಗಳು ಎಂದು ಕೇಳಿದ. ಅತ್ತೆ ಅವನಿಗೆ ತಿಂಡಿ, ಕಾಫಿ ಕೊಟ್ಟು, ಅವು ಬರುವುದಿಲ್ಲವಂತೆ ಎಂದರು. ಅವುಗಳನ್ನೇ ವಿಚಾರಿಸಿ ಬಂದಂತಿತ್ತು ಮಾತು.

ಆಗ ನನಗೆ ಹಿಂದಿನ ದಿನ ಗಿಡ್ಡಣ್ಣ ಮಾಡಿದ್ದು ನೆನಪಾಯಿತು. ರಾಗಿ ಹುಲ್ಲನ್ನು ಕತ್ತರಿಸಿ, ಅದರಲ್ಲಿ ಒಂದು ಹಿಡಿ ಗರಿಕೆಯನ್ನು ಬೆರೆಸಿ ಬಾನಿಗೆ ಹಾಕಿದೆ. ಇಬ್ಬರೂ ಮೂತಿ ಇಟ್ಟವರು ತಳ ಕಾಣುವವರೆಗೆ ಎತ್ತಲಿಲ್ಲ. ಹೀಗೆ ಗಿಡ್ಡ ಕುದುರೆಗಳ ಮೇವಿನ ಪ್ರಶ್ನೆ ಬಗೆಹರಿಯಿತು. ಗುಡಿಯ ಗರಿಕೆಯಿಂದ ಹೂವು, ಅರಿಸಿನ ಕುಂಕುಮ ಬೇರೆ ಮಾಡಿ, ನೆರಳಿನಲ್ಲಿ ಒಣಗಿಸಿ, ಮಾಳಿಗೆಯಲ್ಲಿ ತುಂಬಿಸಿಡುವುದನ್ನು ನಾನೇ ನೋಡಿಕೊಂಡೆ. ದಂಡಿನ ಅಂಗಡಿಯ ಹುಲ್ಲಿಗೆ ಅದು ಪರಿಮಳದಲ್ಲಿ ಏನೂ ಕಡಿಮೆಯಿರಲಿಲ್ಲ. ಸ್ವಲ್ಪ ಕರ್ಪೂರದ ವಾಸನೆಯೂ ಸೇರಿ ಒಂದು ಕೈ ಮೇಲೆಯೇ ಇತ್ತು.

ಇದಾಗಿ ಎಷ್ಟೋ ಕಾಲವಾಯಿತು. ಖಾಲಿ ಸೈಟುಗಳಲ್ಲಿ ಒಂದೊಂದಾಗಿ ಮನೆಗಳೆದ್ದಿವೆ. ಅಶ್ವಮೇಧಕ್ಕೆ ನೆಲ ಸಾಲದು. ಆದರೂ ಗಿಡ್ಡಣ್ಣ ಗಿಡ್ಡಮ್ಮರ ಮೈ ಮಿರಮಿರ ಮಿಂಚುತ್ತದೆ. ಇದರ ಗುಟ್ಟು ನಮ್ಮ ಅತ್ತೆಯ ದೈವಭಕ್ತಿಯ ಪ್ರಚಾರದಲ್ಲಿದೆ. ಬೀದಿಯಲ್ಲಿ ಯಾರಿಗೆ ಏನೇ ಕಷ್ಟವಿರಲಿ, ಮಗನಿಗೆ ಕೆಲಸ ಸಿಗಲಿಲ್ಲವೆನ್ನಲಿ, ಮಗಳಿಗೆ ಗಂಡು ಒಪ್ಪಲಿಲ್ಲವೆನ್ನಲಿ, ಬಾವಿಯಲ್ಲಿ ನೀರು ಬರಲಿಲ್ಲವೆನ್ನಲಿ, ಅತ್ತೆಯ ಸಲಹೆ ಒಂದೇ, ಸಂಕಷ್ಟಿ ಹಿಡಿಯಿರಿ, ಗರಿಕೆ ಏರಿಸಿ. ದೇವರಿಗೆ ಮೂರೆಸಳಿನ ತುದಿ ಸಾಕು ಎಂದು ನನಗೆ ಪಾಠ ಹೇಳಿದ್ದವರೇ ಈಗ, ತುದಿ ಮಾತ್ರ ಕಿತ್ತರೆ ಜಿಪುಣತನ ಕಾಣುತ್ತೆ, ಬುಡದವರೆಗೂ ಕೀಳಿ ಎನ್ನುತ್ತಾರೆ. ಹಲವರಿಗೆ ಫಲ ಸಿಕ್ಕಿದೆಯಂತೆ. ಸಿಗದವರ ಗರಿಕೆಯೂ ನಮ್ಮ ಮಾಳಿಗೆಗೇ ಬರುತ್ತದೆ.

ಮೊನ್ನೆ ಸಂಕಷ್ಟಿಯ ದಿನ, ಉಪವಾಸದಿಂದ ಬಾಡಿದ ಅವರ ಮುಖ ನೋಡಿ ಕೇಳಿಯೇಬಿಟ್ಟೆ. ನೀವು ಬೇಡಿದ್ದು ಯಾವತ್ತೋ ಕೈಗೂಡಿತಲ್ಲ ಅತ್ತೆ, ವಯಸ್ಸೂ ಆಯಿತು, ಇನ್ನೂ ಯಾಕೆ ಹೊಟ್ಟೆ ಕಾಯಿಸುತ್ತೀರಿ ಎಂದೆ. ಅವರು ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದರು.

"ನಾನು ಬಿಟ್ರೆ ಬೀದಿಯವರೆಲ್ಲ ಬಿಡ್ತಾರೆ ಕಣೇ. ಆಮೇಲೆ ಅವು ಏನು ತಿನ್ನಬೇಕು?"

ಗಿಡ್ಡ ಕುದುರೆಗೆ ಅಗ್ಗದ ಮೇವು ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ಒಂದು ಗಾಡಿ ರಾಗಿ ಹುಲ್ಲು, ಅದಕ್ಕೆ ಬೆರೆಸಲು ಗರಿಕೆ, ಮನೆಯಲ್ಲಿ ಉಪವಾಸ ಮಾಡಲು ತಯಾರಿರುವ ಒಬ್ಬರು ಎಂದು ಹೇಳುತ್ತೇನೆ. ಮೊದಲಿನವೆರಡು ಎಲ್ಲಾದರೂ ಸಿಗುತ್ತವೆ.

ಮೊನ್ನೆ ಅತ್ತೆ ಹಾಗೆನ್ನುವಷ್ಟರಲ್ಲಿ ಗೇಟಿನ ಸದ್ದಾಯಿತು. ಮಾವನವರು ಸಂಜೆಯ ಸುತ್ತಾಟ ಮುಗಿಸಿ ಬಂದು, ಯಾರೋ ನೆರೆಯವರೊಡನೆ ಮಾತಾಡುತ್ತಾ, ಮುಖ ಅತ್ತ ತಿರುಗಿಸಿಕೊಂಡೇ ಎರಡೂ ಲಗಾಮುಗಳನ್ನು ಪಕ್ಕಕ್ಕೆ ಚಾಚಿದರು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಈ ಮನುಷ್ಯರಿಗೆ ಯಾವತ್ತೂ ತಿರುಗಿ ನೋಡಿ ಕೊಡುವುದು ಗೊತ್ತೇ ಇಲ್ಲ ಎಂದು ಗೊಣಗುತ್ತಾ, ಇಳಿದು ಹೋಗಿ ಹಿಡಿದುಕೊಂಡರು.